ಬತ್ತಾವ್ಳೆ ಬುಡ್ರವ್ವ

ಕಳೆದ ತಿಂಗಳು ಶ್ರೀರಂಗಪಟ್ಟಣದ ನಮ್ಮ ಕಚೇರಿಯಲ್ಲಿ ಒಂದು ದಿನದ ತರಬೇತಿ ಇತ್ತು. ಸಕಾರಾತ್ಮಕ ಮನೋಭಾವ, ತಂಡದ ಕೆಲಸ, ನಾಯಕತ್ವ ಎಂದು ಗೋಡೆಯ ಮೇಲೆ ಒಂದಾದ ಮೇಲೊಂದು ಸ್ಲೈಡು ಬಂದು ಹೋದವು. ಊಟಕ್ಕೆ ಮೊದಲು ತರಬೇತಿಯವರು ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟು, ನೀವು ಕಂಡ ಒಳ್ಳೆಯ ನಾಯಕರು ಯಾರು, ಅವರಿಂದ ಏನು ಕಲಿತಿರಿ, ಒಂದೇ ಸಾಲಿನಲ್ಲಿ ಬರೆಯಿರಿ ಎಂದರು. ಪಕ್ಕದವರು ದೊಡ್ಡ ದೊಡ್ಡವರ ಹೆಸರು ಬರೆಯುತ್ತಿದ್ದರು. ನಾನು ಒಂದು ಪದ ಬರೆದೆ. ಬರೆದು, ಚೀಟಿಯನ್ನು ನಾಲ್ಕಾಗಿ ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡೆ. ಓದುವ ಸರದಿ ನನಗೆ ಬಂದಾಗ, ‘ಇನ್ನೂ ಯೋಚನೆ ಮಾಡ್ತಿದೀನಿ ಸರ್’ ಎಂದೆ. ಅದು ಸುಳ್ಳು.

ಆ ಪದವನ್ನು ನಾನು ಮೊದಲು ಕೇಳಿದ್ದು ಮೊಣಕಾಲುದ್ದದ ಕೆಸರಿನಲ್ಲಿ ನಿಂತು.

ನಾಲ್ಕು ವರ್ಷದ ಹಿಂದಿನ ಮಾತು. ಮೈಸೂರಿನಲ್ಲಿ ಎಂ.ಎ. ಪರೀಕ್ಷೆ ಬರೆದು ಊರಿಗೆ ಬಂದಿದ್ದೆ. ನಮ್ಮೂರು ಪಾಂಡವಪುರ ತಾಲ್ಲೂಕಿನದು, ತೊಣ್ಣೂರು ಕೆರೆಯಿಂದ ನಡೆದರೆ ಮುಕ್ಕಾಲು ಗಂಟೆ. ನಾಲೆಗೆ ನೀರು ಬಿಟ್ಟು ವಾರವಾಗಿತ್ತು; ಊರಿನ ಎಲ್ಲ ದಾರಿಗಳಲ್ಲೂ ಟ್ರಾಕ್ಟರು ಉದುರಿಸಿಹೋದ ಕೆಸರಿನ ಹೆಂಟೆ. ಆ ವಾರವೇ ಅವ್ವ ಕೊಟ್ಟಿಗೆಯ ಹಿಂದಿನ ಪಾಚಿಯ ಮೇಲೆ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಪಾಂಡವಪುರದಲ್ಲಿ ಪಟ್ಟಿ ಹಾಕಿಸುವಾಗ ಅವಳು ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ: ‘ನಾಟಿಗೆ ಯಾವಾಗಿಂದ ಹೋಗ್ಬೋದು?’

‘ನಾಟಿನಾ? ಈ ಸಲ ಮರೆತುಬಿಡಿ ಅಮ್ಮ’ ಎಂದರು ಡಾಕ್ಟರು. ಬಸ್ಸಿನಲ್ಲಿ ಮನೆ ತಲುಪುವವರೆಗೂ ಅವ್ವ ಕಿಟಕಿಯಾಚೆಯ ಗದ್ದೆಗಳನ್ನೇ ನೋಡುತ್ತಿದ್ದಳು.

ಅವಳ ಚಿಂತೆಯ ಕಾರಣ ನನಗೆ ಗೊತ್ತಿತ್ತು. ನಮ್ಮ ಬೀದಿಯ ನಾಟಿ ಗುಂಪಿನಲ್ಲಿ ಹನ್ನೊಂದು ಹೆಂಗಸರು. ಹನ್ನೊಂದು ಮನೆ, ಮನೆಗೊಂದು ಕೈ. ಒಂದು ಮನೆಯ ಕೈ ಬಾರದಿದ್ದರೆ ಇನ್ನೊಂದು ಮನೆಯ ಕೈ ಆ ಜಾಗಕ್ಕೆ ಬರುತ್ತದೆ. ಬಂದ ಮೇಲೆ ಹಿಂದೆ ಹೋಗುವುದಿಲ್ಲ. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ಪೈರು ಬಲಿತ ಮೇಲೆ ಗದ್ದೆ ಕಾಯುವುದಿಲ್ಲ, ಅಷ್ಟೇ. ಬೀದಿಯ ಕೊನೆಯ ಮನೆಗೆ ಆ ವರ್ಷ ಹೊಸ ಸೊಸೆ ಬಂದಿದ್ದಳು. ನೆಡುವುದರಲ್ಲಿ ಅವಳ ಕೈ ಚುರುಕು ಎಂದು ಎಲ್ಲರೂ ಹೇಳುತ್ತಿದ್ದರು. ಆ ಮನೆಯವರು ಗುಂಪಿಗೆ ಸೇರಲು ಕಾಯುತ್ತಲೇ ಇದ್ದರು.

ಅವ್ವ ಅದೇ ಊರಿನಲ್ಲಿ ಹುಟ್ಟಿ, ಸೋದರಮಾವನನ್ನೇ ಮದುವೆಯಾಗಿ ಅದೇ ಊರಿನಲ್ಲಿ ಉಳಿದವಳು. ಲಂಗ ಉಡುವ ಕಾಲದಿಂದಲೂ ಆ ಸಾಲಿನಲ್ಲಿ ನೆಟ್ಟವಳು. ಕೂಲಿಯ ಮಾತು ಬೇರೆ. ಮನೆಯಲ್ಲಿ ಅವಳು ನಗುವುದು ಕಡಿಮೆ. ಅವಳು ಬಾಯ್ತುಂಬ ನಕ್ಕಿದ್ದನ್ನು ನಾನು ನೋಡಿರುವುದೆಲ್ಲ ಸಂಜೆ ಆ ಗುಂಪಿನೊಂದಿಗೆ ಗೂಡ್ಸ್ ಆಟೋದಿಂದ ಇಳಿಯುವಾಗ. ಆ ಜಾಗ ಹೋದರೆ ಏನು ಹೋಗುತ್ತದೆ ಎಂಬುದನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅಂಥದ್ದನ್ನು ಕೇಳುವ ರೂಢಿಯಿಲ್ಲ.

‘ನಾನು ಹೋಗ್ತೀನಿ’ ಎಂದೆ.

ಅವ್ವ ನನ್ನ ಕೈ ನೋಡಿದಳು. ‘ಯಾವ್ ಕೈಲಿ? ಪೆನ್ನಿಡ್ಕೊಂಡಿರೋ ಕೈಲಾ?’

‘ಇರೋದು ಅದೇ.’

ಮರುದಿನ ಬೆಳಗಿನ ಆರಕ್ಕೆ ಅವ್ವನ ಹಳೆಯ ಸೀರೆಯುಟ್ಟು, ತಲೆಗೆ ಟವೆಲು ಸುತ್ತಿ ಬೀದಿಯ ತುದಿಯಲ್ಲಿ ನಿಂತೆ. ಗುಂಪನ್ನು ನಡೆಸುತ್ತಿದ್ದವರನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು. ಎತ್ತರದ, ಒಣಗಿದ ಮೈ. ಎಲೆಅಡಿಕೆ ಇಲ್ಲದ ಬಾಯಿಯನ್ನು ನಾನು ನೋಡಿಲ್ಲ. ಯಾರ ಗದ್ದೆ ಯಾವ ದಿನ ಎಂದು ಮಾತಾಡುವವರು, ಮೊದಲು ಕೆಸರಿಗೆ ಇಳಿಯುವವರು ಅವರೇ. ‘ನಿಮ್ಮವ್ವನ್ ಕೈ ಬಂತಾ? ಕುಂತ್ಕ ಬಾ’ ಎಂದು ಆಟೋದಲ್ಲಿ ಜಾಗ ಮಾಡಿದರು. ಎದುರಿಗೆ ಕೂತಿದ್ದವರು ಬಾಯಿಗೆ ಹೆಸರಾದ ಅತ್ತೆ. ಸಂಬಂಧ ಹಿಡಿದು ಲೆಕ್ಕ ಹಾಕಿದರೆ ಅತ್ತೆಯಾಗುವುದಿಲ್ಲ, ಆದರೆ ನಾನು ಹಾಗೆಯೇ ಕರೆಯುವುದು.

‘ಏನೋದಿದ್ದೀಯಮ್ಮಿ ನೀನು?’ ಎಂದರು ಅತ್ತೆ.

‘ಎಂ.ಎ.’

‘ಎಮ್ಮೆನಾ! ಅಂಗಾದ್ರೆ ಯೋಚ್ನೆ ಇಲ್ಲ ಬುಡು. ಎಮ್ಮೆಗೆ ಕೆಸರು ಕಂಡ್ರೆ ಆಸೆ. ಬಿದ್ಕಂಡ್ರೆ ಮಾತ್ರ ಸಂಜೆಗಂಟ ಏಳಾಕಿಲ್ಲ, ಎಲ್ಲಾರೂ ಸೇರಿ ಬಾಲ ಹಿಡ್ದು ಎತ್ಬೇಕು.’

ಆಟೋ ಪೂರ್ತಿ ನಕ್ಕಿತು. ನಾನೂ ನಕ್ಕೆನೇನೋ, ನೆನಪಿಲ್ಲ. ಅಂದಿನಿಂದ ಆ ಗುಂಪಿನಲ್ಲಿ ನಾನು ಎಮ್ಮೆ.

ನಾಟಿಯ ಕೆಲಸ ನೋಡಿದವರಿಗೆ ಗೊತ್ತಿರುತ್ತದೆ: ಎಲ್ಲರೂ ಬದುವಿನ ಪಕ್ಕ ಸಾಲಾಗಿ ಬಗ್ಗಿ ನಿಂತು, ತಮ್ಮ ತಮ್ಮ ಪಟ್ಟೆಯನ್ನು ನೆಡುತ್ತ ಹಿಂದಕ್ಕೆ ಹೆಜ್ಜೆ ಹಾಕಬೇಕು. ನೆಟ್ಟದ್ದು ಕಣ್ಣ ಮುಂದೆ, ನೆಡಬೇಕಾದದ್ದು ಬೆನ್ನ ಹಿಂದೆ. ನಾನು ಪೈರಿನಿಂದ ಪೈರಿಗೆ ಒಂದು ಗೇಣು ಅಳೆದು, ಎಣಿಸಿ ಮೂರು ಮೂರು ಎಳೆ ಇಟ್ಟು ನೆಟ್ಟೆ. ನನ್ನ ಸಾಲು ಗೆರೆ ಎಳೆದ ಹಾಗಿತ್ತು. ಒಂದು ಸಲ ತಲೆಯೆತ್ತಿ ನೋಡಿದರೆ ಅಕ್ಕಪಕ್ಕ ಯಾರೂ ಇಲ್ಲ. ಹತ್ತು ಜನವೂ ನನ್ನ ಬೆನ್ನ ಹಿಂದೆ, ಇಪ್ಪತ್ತು ಹೆಜ್ಜೆ ಆಚೆ. ಹಿಂದಕ್ಕೆ ನಡೆಯುವ ಕೆಲಸದಲ್ಲಿ ಹಿಂದೆ ಬಿದ್ದವಳು ಎಲ್ಲರಿಗಿಂತ ಮುಂದೆ ಒಬ್ಬಳೇ ನಿಂತಿರುತ್ತಾಳೆ. ಎಲ್ಲರೂ ಅವಳ ಕಡೆಗೇ ಮುಖ ಮಾಡಿರುತ್ತಾರೆ. ಬೆಳೆಯುವಾಗ ಶಾಲೆಯಲ್ಲಿ, ಕಾಲೇಜಿನಲ್ಲಿ ಕೊನೆಯ ಬೆಂಚು ಹುಡುಕಿಕೊಂಡು ಕೂತ ನನಗೆ ಅಡಗಿಕೊಳ್ಳಲು ಅಲ್ಲಿ ಜಾಗವೇ ಇರಲಿಲ್ಲ.

‘ಏನಮ್ಮಿ ಅದು, ನಾಟಿ ಹಾಕ್ತಾವ್ಳಾ ರಂಗೋಲಿ ಬುಡ್ತಾವ್ಳಾ?’ ಅತ್ತೆಯ ಧ್ವನಿ. ‘ಇವಳ್ನ ಕಾಯ್ಕೊಂಡು ಇಲ್ಲೇ ದೀಪಾವಳಿ ಮಾಡದಾ?’

ಆಗ ದೊಡ್ಡವ್ವ ಬಗ್ಗಿದ ತಲೆಯನ್ನು ಎತ್ತದೆ, ಕೈ ನಿಲ್ಲಿಸದೆ ಹೇಳಿದರು: ‘ಬತ್ತಾವ್ಳೆ ಬುಡ್ರವ್ವ.’

ಬರುತ್ತಿದ್ದಾಳೆ, ಬಿಡಿ. ಅಷ್ಟೇ ಮಾತು. ಅವಳು ನಿಧಾನ ಎನ್ನಬಹುದಿತ್ತು, ಅದೂ ನಿಜವೇ. ಕಲಿಯುತ್ತಾಳೆ ಎನ್ನಬಹುದಿತ್ತು, ಅದಕ್ಕೆ ಆಧಾರವಿರಲಿಲ್ಲ. ನಾನು ಬರುತ್ತಿದ್ದುದಂತೂ ಸತ್ಯ, ಒಂದೊಂದೇ ಹೆಜ್ಜೆ. ಇರುವ ಸತ್ಯಗಳಲ್ಲಿ ಕಾಲಿರುವ, ಮುಂದಕ್ಕೆ ನಡೆಯುವ ಒಂದನ್ನು ಅವರು ಆರಿಸಿ ಬಾಯಿಗೆ ತಂದರು. ಅದನ್ನು ಕೇಳಿದ ಮೇಲೆ ಅತ್ತೆಗೂ ಮುಂದೆ ಹೇಳಲು ಏನೂ ಉಳಿಯಲಿಲ್ಲ, ನನಗೂ ನಿಂತು ಅಳಲು ಪುರುಸೊತ್ತು ಉಳಿಯಲಿಲ್ಲ.

ಆ ಗುಂಪಿಗೆ ಒಂದು ಕಟ್ಟಳೆಯಿತ್ತು. ಕೊನೆಯವಳು ಆಚೆ ಬದು ಮುಟ್ಟುವವರೆಗೆ ಮೊದಲು ಮುಗಿಸಿದವಳೂ ಬದು ಹತ್ತುವಂತಿಲ್ಲ. ನೀರು ಕುಡಿಯಲೂ ಹತ್ತುವಂತಿಲ್ಲ. ಹಾಗಾಗಿ ಬೇಗ ಮುಗಿಸಿದವರು ಸುಮ್ಮನೆ ನಿಲ್ಲದೆ, ಹಿಂದೆ ಬಿದ್ದವಳ ಪಟ್ಟೆಯನ್ನು ಆ ತುದಿಯಿಂದ ನೆಟ್ಟುಕೊಂಡು ಬರುತ್ತಿದ್ದರು. ಮೊದಲ ದಿನ ನನ್ನ ಅರ್ಧ ಪಟ್ಟೆ ಹೀಗೆ ಮುಗಿಯಿತು. ನನ್ನೆದುರಿಗೆ ಬಂದು ತಲುಪಿದವರು ಅತ್ತೆ. ‘ನನ್ ಮಗನ್ನಾರ ಕಟ್ಕೊಂಡಿದ್ರೆ ಸೊಸೆ ಅಂತ ನಾಲ್ಕು ಬಾರಿಸ್ಬೋದಿತ್ತು. ಈಗ ಅದಕ್ಕೂ ಇಲ್ಲ’ ಎಂದು ಕೊನೆಯ ಪೈರನ್ನು ಊರಿ ಸೊಂಟ ನೆಟ್ಟಗೆ ಮಾಡಿದರು.

ಮಧ್ಯಾಹ್ನ ಬದುವಿನ ಮೇಲೆ ಮುದ್ದೆ, ಉಪ್ಪುಸಾರು. ಹೆಬ್ಬೆರಳಿನ ಚರ್ಮ ಸುಲಿದು ಮುದ್ದೆ ಮುರಿಯಲಾಗಲಿಲ್ಲ. ದೊಡ್ಡವ್ವ ಏನೂ ಕೇಳದೆ ನನ್ನ ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ ತಟ್ಟೆಯಲ್ಲಿಟ್ಟರು. ಅವರು ಸಿಹಿ ಮಾತಿನವರಲ್ಲ. ಆ ಇಡೀ ಹಂಗಾಮಿನಲ್ಲಿ ನನ್ನನ್ನು ಒಮ್ಮೆಯೂ ಹೊಗಳಲಿಲ್ಲ. ಒಂದು ಸಲ ಒಂದೇ ದಿನದಲ್ಲಿ ಎರಡು ಗದ್ದೆ ‘ಆಯ್ತದೆ ಬುಡು’ ಎಂದು ಒಪ್ಪಿಕೊಂಡು, ಮಳೆ ಬಂದು ಆಗದೇ ಹೋಯಿತು. ಎರಡನೆಯ ಗದ್ದೆಯವರ ಮನೆಗೆ ತಾವೇ ನಡೆದುಹೋಗಿ, ‘ನಾನೇ ಜಾಸ್ತಿ ಒಪ್ಕೊಂಬುಟ್ಟೆ ಕಣಪ್ಪ’ ಎಂದು ಹೇಳಿ ಬಂದರು. ಅವರ ಭರವಸೆ ಕುರುಡಾಗಿರಲಿಲ್ಲ; ತಪ್ಪಿದ್ದು ಅದಕ್ಕೆ ಕಾಣುತ್ತಿತ್ತು.

ದಿನ ಕಳೆದಂತೆ ನನ್ನ ಸಂಕೋಚ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ನನ್ನ ಪಾಲನ್ನು ಇನ್ನೊಬ್ಬರು ನೆಡುವುದು ದಿನವೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಹೊಸಹೊಳಲಿನ ಆಚೆ ಒಂದು ಗದ್ದೆ. ಅಲ್ಲಿ ನನಗೊಂದು ಉಪಾಯ ಹೊಳೆಯಿತು. ಪೈರನ್ನು ಒತ್ತುವುದರಲ್ಲೇ ಹೊತ್ತು ಹೋಗುತ್ತದೆ. ಕೆಸರಿಗೆ ತಾಗಿಸಿ ಬಿಟ್ಟರೆ ನಿಲ್ಲುತ್ತದಲ್ಲ? ನಿಂತಿತು. ಅಂದು ಮೊದಲ ಬಾರಿಗೆ ನಾನು ಸಾಲಿನೊಂದಿಗೆ ಹಿಂದೆ ಸರಿದೆ. ಎಡಕ್ಕೂ ಜನ, ಬಲಕ್ಕೂ ಜನ. ಅವರ ಬಳೆಯ ಸದ್ದಿನ ನಡುವೆ ನನ್ನ ಬಳೆಯ ಸದ್ದು. ಈಗಲೂ ಆ ಅರ್ಧ ದಿನವನ್ನು ನೆನೆದರೆ ಮೈ ಬೆಚ್ಚಗಾಗುತ್ತದೆ, ಅದು ತಪ್ಪು ಎಂದು ಗೊತ್ತಿದ್ದೂ.

‘ಪರವಾಗಿಲ್ವೇ, ಎಮ್ಮೆ ಓಡ್ತಾ ಅದೆ!’ ಎಂದರು ಅತ್ತೆ.

ಸಂಜೆ ಅವ್ವನಿಗೆ ಹೇಳಿದೆ. ಅವಳ ಮುಖ ಅರಳಲಿಲ್ಲ. ‘ಎಷ್ಟ್ ಒಳಕ್ಕೆ ಊರಿದೆ?’ ಎಂದು ಕೇಳಿದಳು. ‘ಎಲ್ಲರೂ ಊರೋವಷ್ಟು’ ಎಂದೆ. ಎಲ್ಲರೂ ಎಷ್ಟು ಊರುತ್ತಾರೆಂದು ನಾನು ನೋಡಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಪಾಂಡವಪುರದ ಕಡೆಯ ಗದ್ದೆಗೆ ಹೊರಟಿದ್ದಾಗ ಆಟೋದಲ್ಲಿ ದೊಡ್ಡವ್ವನಿಗೆ ಫೋನು ಬಂತು. ಅವರಿಗೆ ಕಿವಿ ಮಂದ; ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಆ ಕಡೆಯಿಂದ ಹಿಂದಿನ ದಿನದ ಗದ್ದೆಯ ಯಜಮಾನ.

‘ಏನಕ್ಕ ನಿಮ್ ನಾಟಿ? ಸಂಜೆ ನೀರ್ ಬುಟ್ಟಿದ್ದೆ. ಈಗ ಬಂದು ನೋಡುದ್ರೆ ಒಂದ್ ಪಟ್ಟೆ ಪೂರ್ತಿ ತೇಲ್ತಾ ಅದೆ, ಬಾತುಕೋಳಿ ಬುಟ್ಟಂಗೆ. ಯಾರಕ್ಕ ಆ ಪಟ್ಟೆ ಹಾಕಿದ್ದು?’

ಯಾವ ಪಟ್ಟೆ ಯಾರದೆಂದು ಹನ್ನೊಂದು ಜನರಿಗೂ ಗೊತ್ತು. ನನ್ನ ಕಣ್ಣ ಮುಂದೆ ಬಂದದ್ದು ಬೀದಿ ಕೊನೆಯ ಮನೆಯ ಸೊಸೆ. ಅವಳು ಸೆರಗು ಸಿಕ್ಕಿಸಿ, ಅವ್ವ ಕೂರುತ್ತಿದ್ದ ಜಾಗದಲ್ಲಿ ಕೂತ ಹಾಗೆ.

‘ನಾವ್ ಹಾಕಿದ್ದು ಕಣಪ್ಪ’ ಎಂದರು ದೊಡ್ಡವ್ವ.

‘ಅದ್ ಗೊತ್ತಕ್ಕ, ಯಾರು ಅಂತ?’

‘ನಾವೇ. ನೀರಿಳ್ಸಿರು, ಬತ್ತಾ ಇದೀವಿ.’ ಆಮೇಲೆ ಡ್ರೈವರಿಗೆ, ‘ತಿರುಗ್ಸಪ್ಪ’ ಎಂದರು. ಪಾಂಡವಪುರದವರಿಗೆ ಫೋನು ಮಾಡಿ, ‘ನಮ್ ಕೈಲಿ ತಪ್ಪಾಗ್ಬುಟ್ಟದೆ, ಅದ್ನ ಸರಿ ಮಾಡಿ ಮಧ್ಯಾನಕ್ಕೆ ಬತ್ತೀವಿ’ ಎಂದರು. ಮಳೆ, ಆಟೋ, ಜ್ವರ ಯಾವುದರ ನೆಪವನ್ನೂ ಹೇಳಲಿಲ್ಲ.

‘ದೊಡ್ಡವ್ವ, ಅದು ನಾನು...’

‘ನೀನು ಅಂತ ಯಾರಾರ ಕೇಳುದ್ರಾ?’

‘ನಾನ್ ಕೇಳ್ತೀನಿ’ ಎಂದರು ಅತ್ತೆ. ಈ ಸಲ ಧ್ವನಿಯಲ್ಲಿ ತಮಾಷೆ ಇರಲಿಲ್ಲ. ‘ನೀನು ಇಂಗೆ ಬತ್ತಾವ್ಳೆ ಬತ್ತಾವ್ಳೆ ಅಂತಿದ್ರೆ ನಮ್ ಗುಂಪಿನ ಎಸರು ಒಂಟೋಯ್ತದೆ ಕಣಕ್ಕ. ಆ ಮನೆ ಸೊಸೆ ಚೆಂದಾಗಿ ನೆಡ್ತಾಳೆ, ಕರ್ಕೊಳಣ. ಇವ್ರವ್ವಂದು ಕೈ ಸರಿಯಾದ್ ಮೇಲೆ ಮುಂದಿಂದ್ ನೋಡ್ಕೊಂಡ್ರಾಯ್ತು.’

ಅವರು ಹೇಳಿದ್ದು ಅನ್ಯಾಯವಲ್ಲ. ಅದೇ ನನ್ನನ್ನು ಹೆಚ್ಚು ಕಂಗೆಡಿಸಿತು. ದೊಡ್ಡವ್ವ ಹೊರಗೆ ಬಗ್ಗಿ ಎಲೆಅಡಿಕೆ ಉಗುಳಿ, ಬಾಯಿ ಒರೆಸಿಕೊಂಡರು.

‘ನಾನು ನಾಗಮಂಗಲದ ಕಡೆಯೋಳು’ ಎಂದು ನನ್ನನ್ನು ನೋಡಿ ಶುರುಮಾಡಿದರು. ‘ಒಣಭೂಮಿ. ರಾಗಿ ಪೈರು ನೆಡೋದು ಗೊತ್ತಿತ್ತೇ ಒರ್ತು ಕೆಸರಿಗೆ ಕಾಲಿಟ್ಟೋಳಲ್ಲ. ಮದ್ವೆ ಆಗಿ ಬಂದ್ ವರ್ಸ ಇವ್ರ್ ಜೊತೆ ಇಳಿದ್ನಾ, ರಾಗಿ ಪೈರು ಒತ್ತಿದಂಗೆ ಗಟ್ಟಿಯಾಗಿ ಒತ್ತಿ ಒತ್ತಿ ಒಂದ್ ಪಟ್ಟೆ ಪೂರ್ತಿ ಮುಳುಗ್ಸಿಬುಟ್ಟೆ. ನಿಂದು ತೇಲ್ತು, ನಂದು ಮುಳುಗ್ತು. ಇವಳ್ನ ಮನೆಗೆ ಕಳ್ಸಿ ಅಂದ್ರು ಎಲ್ಲಾರೂ. ಆಗ ಲಂಗ ಎತ್ಕಟ್ಟಿದ್ ಒಂದ್ ಉಡ್ಗಿ, ದೊಡ್ಡೋರ್ ಮಾತಾಡೋವಾಗ ಬಾಯಾಕಿ, ಬತ್ತಾವ್ಳೆ ಬುಡ್ರವ್ವ ಅಂದ್ಲು. ಎಲ್ಲಾರೂ ನಕ್ಕುಬುಟ್ರು. ನಕ್ಕಿದ್ ಮೇಲೆ ಓಡ್ಸಕಾಯ್ತದಾ?’

‘ಯಾರು ಆ ಹುಡುಗಿ?’ ಎಂದೆ.

‘ಇನ್ಯಾರು? ನಿಮ್ಮವ್ವ.’

ಆಟೋ ಎರಡು ಹೊಂಡ ದಾಟಿತು. ಅತ್ತೆ ಇದ್ದಕ್ಕಿದ್ದಂತೆ ನಕ್ಕರು. ‘ಕಳ್ಸಿ ಕಳ್ಸಿ ಅಂತ ಮೊದ್ಲು ಅಂದೋಳು ನಾನೇಯ. ಆಗ್ಲಿಂದ್ಲೂ ನಂದು ಅದೇ ಬುದ್ಧಿ, ಏನ್ ಮಾಡದು’ ಎಂದರು. ಸೊಸೆಯ ಮಾತು ಮತ್ತೆ ಬರಲಿಲ್ಲ.

ಹೊಸಹೊಳಲಿನ ಆಚೆಯ ಆ ಗದ್ದೆಯಲ್ಲಿ ಯಜಮಾನ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ತೇಲಿದ ಪೈರೆಲ್ಲ ಗಾಳಿಗೆ ಒಂದು ಮೂಲೆ ಸೇರಿತ್ತು. ಮೊದಲು ಇಳಿದವರು ಅತ್ತೆ. ಪೈರನ್ನು ಬಾಚಿ ತಂದು ಎಲ್ಲರಿಗೂ ಹಂಚಿ, ನನ್ನ ಪಕ್ಕಕ್ಕೆ ಬಂದು ನನ್ನ ಬಲಗೈಯ ಹೆಬ್ಬೆರಳನ್ನು ಹಿಡಿದು ಕೆಸರಿಗೆ ತಳ್ಳಿದರು. ‘ಇಲ್ಗಂಟ. ಮೊದ್ಲನೇ ಗೆಣ್ಣು ಮುಳುಗ್ಬೇಕು, ಎರಡ್ನೇದು ಮುಳುಗ್ಬಾರ್ದು. ತೆಗೆಯೋವಾಗ ಅಂಗೇ ಕೆಸರನ್ನ ಮುಚ್ಚು. ಗೊತ್ತಾಯ್ತಾ?’

‘ಯಾರೂ ಹೇಳಿಕೊಟ್ಟಿರಲಿಲ್ಲ ಅತ್ತೆ.’

‘ನೀನು ಕೇಳಿದ್ಯಾ? ಕೇಳಿದ್ರೆ ಬಾಯಿ ಸವೀತಿತ್ತಾ?’

ಕೇಳಿರಲಿಲ್ಲ. ಹನ್ನೊಂದು ದಿನ ಅವರ ನಡುವೆ ಇದ್ದೂ ನಾನು ಒಬ್ಬಳೇ ಕೆಲಸ ಮಾಡುತ್ತಿದ್ದೆ. ಆ ಪಟ್ಟೆಯನ್ನು ಹನ್ನೊಂದು ಜನ ಸೇರಿ ಒಂದು ಗಂಟೆಯೊಳಗೆ ಮುಗಿಸಿದೆವು. ಗಂಟು ಮುಖದ ಯಜಮಾನ ಹೊರಡುವಾಗ ಒಂದು ಚೀಲ ಎಳೆಸೌತೆ ತಂದು ಆಟೋದಲ್ಲಿಟ್ಟ.

ಸಂಜೆ ಅವ್ವನನ್ನು ಕೇಳಿದೆ, ದೊಡ್ಡವ್ವನ ಬಗ್ಗೆ ಹಾಗೆ ಹೇಳಿದ್ದು ನೀನೇನಾ ಎಂದು. ಅವಳು ಎಡಗೈಯಲ್ಲಿ ಅಕ್ಕಿ ಆರಿಸುತ್ತಿದ್ದಳು. ‘ನಾನಂದಿದ್ನಾ? ಗ್ಯಾಪ್ಕ ಇಲ್ಲ ಕಣೆ’ ಎಂದಳು. ಒಂದು ಕಲ್ಲನ್ನು ಆರಿಸಿ ಎಸೆದು, ‘ನೆಡೋಕ್ ಮೊದ್ಲು ನೀರಿಳ್ಸಿದ್ರಾ?’ ಎಂದು ಕೇಳಿದಳು.

ನಾನು ಆ ಹಂಗಾಮು ಮುಗಿಯುವವರೆಗೂ ಚುರುಕಾಗಲಿಲ್ಲ. ಕೊನೆಯ ದಿನವೂ ಸಾಲಿಗಿಂತ ಐದಾರು ಹೆಜ್ಜೆ ಹಿಂದೆಯೇ ಇದ್ದೆ. ಆದರೆ ನೆಟ್ಟದ್ದು ನಿಂತಿತು, ಅವ್ವನ ಜಾಗವೂ ನಿಂತಿತು. ಮರುವರ್ಷ ಒಬ್ಬರು ಮಗಳ ಬಾಣಂತನಕ್ಕೆ ಹೋಗಿ ಉಳಿದಾಗ ಆ ಸೊಸೆ ಗುಂಪಿಗೆ ಬಂದಳು. ಈಗ ಅವಳೂ ಅವ್ವನೂ ಅಕ್ಕಪಕ್ಕ ಕೂರುವವರು.

ಕಚೇರಿಯಲ್ಲಿ ಈಗ ನನ್ನ ಕೈಕೆಳಗೆ ಐದು ಜನರಿದ್ದಾರೆ. ಅವರಲ್ಲಿ ಒಬ್ಬರು ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಕಂಪ್ಯೂಟರಿನಲ್ಲಿ ಕೈ ನಿಧಾನ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೇಲಿನವರು ಒಂದು ವರದಿ ಏಕೆ ತಡ ಎಂದು ಕೇಳಿದಾಗ ನಾನು ಎಲ್ಲರೆದುರು ಅವರ ಹೆಸರು ಹೇಳಿಬಿಟ್ಟೆ. ಹೇಳಿದ್ದು ನಿಜವೇ. ಅಲ್ಲಿಯವರೆಗೆ ‘ಏನಮ್ಮ’ ಎನ್ನುತ್ತಿದ್ದವರು ಅಂದಿನಿಂದ ನನ್ನನ್ನು ‘ಮೇಡಂ’ ಎನ್ನತೊಡಗಿದರು; ಏನು ತಿಳಿಯದಿದ್ದರೂ ನನ್ನನ್ನು ಕೇಳುವುದನ್ನು ನಿಲ್ಲಿಸಿದರು. ಕೇಳದ್ದರಿಂದ ತಪ್ಪು ಹೆಚ್ಚಿತು. ಕೆಸರಿನಲ್ಲಿ ಕಲಿತದ್ದು ಕುರ್ಚಿಯಲ್ಲಿ ಕೂತ ಕೂಡಲೇ ಮರೆತುಹೋಗಿತ್ತು. ಮುಂದಿನ ಸಲ ತಡವಾದಾಗ, ‘ನಮ್ಮಿಂದ ತಡ ಆಗಿದೆ ಸರ್, ಬರ್ತಾ ಇದೆ’ ಎಂದೆ. ಸಂಜೆ ಅವರ ಪಕ್ಕದ ಕುರ್ಚಿಯಲ್ಲಿ ಕೂತು ವರದಿಯನ್ನು ಆ ತುದಿಯಿಂದ ಅರ್ಧ ಮಾಡಿದೆ. ಅವರು ಮತ್ತೆ ‘ಏನಮ್ಮ’ ಎನ್ನಲು ಆರು ತಿಂಗಳು ಹಿಡಿಯಿತು.

ಆದರೆ ಆ ಚೀಟಿಯಲ್ಲಿ ‘ಬತ್ತಾವ್ಳೆ’ ಎಂದು ಬರೆಯುವಾಗ ನನಗೆ ಕಂಡದ್ದು ಇದ್ಯಾವುದೂ ಅಲ್ಲ. ಅವ್ವ ಮತ್ತೆ ನಾಟಿಗೆ ಹೋದ ವರ್ಷದ ಒಂದು ಬೆಳಿಗ್ಗೆ. ಅವಳ ಮಣಿಕಟ್ಟು ಪೂರ್ತಿ ಬಾಗುತ್ತಿರಲಿಲ್ಲ. ಗುಂಪಿಗೆ ಅಂದು ನಮ್ಮೂರ ರಸ್ತೆಯ ಪಕ್ಕದಲ್ಲೇ ಗದ್ದೆ. ನಾನು ಕಚೇರಿಯ ಬ್ಯಾಗು ಹಿಡಿದು ಶ್ರೀರಂಗಪಟ್ಟಣದ ಬಸ್ಸಿಗೆ ಕಾಯುತ್ತಿದ್ದೆ. ಸಾಲು ಹಿಂದೆ ಹಿಂದೆ ಸರಿಯುತ್ತಿತ್ತು. ಅವ್ವ ಎಡಗೈಯಲ್ಲಿ ನೆಡುತ್ತ ಎಲ್ಲರಿಗಿಂತ ಮುಂದೆ ಒಬ್ಬಳೇ ಉಳಿದಿದ್ದಳು. ಎಲ್ಲರ ಮುಖವೂ ಅವಳ ಕಡೆಗೆ. ಬದುವಿನ ಮೇಲಿದ್ದ ಗದ್ದೆಯವನು ಕೈ ತೋರಿಸಿ ಕೇಳಿದ: ‘ಆ ಯಮ್ಮ ಯಾಕಂಗೆ ನಿಂತ್ಬುಟ್ಟವ್ರೆ?’

ಅತ್ತೆ ಸೊಂಟ ನೆಟ್ಟಗೆ ಮಾಡಿದರು. ಅವರ ಬಾಯಿ ನನಗೆ ಗೊತ್ತಿತ್ತು. ನಾನು ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

‘ಬತ್ತಾವ್ಳೆ ಬುಡಪ್ಪ’ ಎಂದರು. ‘ನಿನ್ ಗದ್ದೆ ಏನ್ ಎದ್ದು ಓಡೋಯ್ತದಾ?’

ಅವ್ವ ತಲೆಯೆತ್ತದೆ ನಕ್ಕಳು. ರಸ್ತೆಯವರೆಗೂ ಕೇಳಿಸಿತು. ಆಮೇಲೆ ಆ ತುದಿಯಿಂದ ಅತ್ತೆ, ಈ ತುದಿಯಿಂದ ಅವ್ವ.

ಬಸ್ಸು ಬಂತು. ಕಂಡಕ್ಟರು ನನ್ನ ಮುಖ ನೋಡಿದ, ನಾನು ಹತ್ತಲಿಲ್ಲ. ಕೊನೆಯ ಪೈರು ಊರಿಯಾದ ಮೇಲೆ ಹನ್ನೊಂದು ಜನವೂ ಒಟ್ಟಿಗೆ ಬದು ಹತ್ತಿ, ಒಂದೇ ಬಿಂದಿಗೆಯಿಂದ ನೀರು ಕುಡಿಯುವವರೆಗೂ ಅಲ್ಲೇ ನಿಂತಿದ್ದೆ. ಅಂದು ಕಚೇರಿಗೆ ಒಂದು ಗಂಟೆ ತಡ. ಯಾಕೆಂದು ಕೇಳಿದರು. ಬಸ್ಸು ತಪ್ಪಿತು ಎಂದೆ.